‘ಮುಷ್ಕರ’ವೆಂಬ ಮಾತು

ಮೊನ್ನೆ ತರಗತಿಯಲ್ಲಿ ಪದಗಳ ಅರ್ಥವ್ಯತ್ಯಾಸವನ್ನು ಕುರಿತು ಪಾಠ ಹೇಳುತ್ತಿದ್ದೆ. ವಿದ್ಯಾರ್ಥಿಯೊಬ್ಬ ಎದ್ದು ನಿಂತು, “ಸಾರ್, ಹಳೆಯ ನಿಘಂಟಿನಲ್ಲಿ ಮುಷ್ಕರವೆಂದರೆ ಹಠ, ಮೊಂಡುತನ ಎಂದಿದೆ. ನಮ್ಮ ತಂದೆಯವರು ಕಾರ್ಖಾನೆಯ ಮುಷ್ಕರದಲ್ಲಿ ಸೇರಿದ್ದರು. ಅವರು ಮಾಡಿದ್ದು ಹಠವೇ?” ಎಂದು ಕೇಳಿದ. ಆಗ ನನಗೆ ತಕ್ಕ ಉತ್ತರ ಹೊಳೆಯಲಿಲ್ಲ.

ನಿಘಂಟು ಹೇಳುವುದು ಸುಳ್ಳಲ್ಲ. ನೆರೆಯ ತೆಲುಗಿನಲ್ಲಿ ಇಂದಿಗೂ ‘ಮುಷ್ಕರುಡು’ ಎಂದರೆ ದುಷ್ಟ. ಭಯೋತ್ಪಾದಕರನ್ನು ಅಲ್ಲಿನ ಪತ್ರಿಕೆಗಳು ಕರೆಯುವುದು ‘ಮುಷ್ಕರುಲು’ ಎಂದೇ. ಕೆಲಸ ನಿಲ್ಲಿಸುವುದಕ್ಕೆ ಅವರಲ್ಲಿ ‘ಸಮ್ಮೆ’ ಎಂಬ ಬೇರೆ ಮಾತುಂಟು. ಇಂಗ್ಲಿಷಿನ ‘ಸ್ಟ್ರೈಕ್’ನಲ್ಲಿಯೂ ಇಂಥ ನಿಂದೆಯಿಲ್ಲ. 1768ರಲ್ಲಿ ಲಂಡನ್ನಿನ ನಾವಿಕರು ಹಾಯಿಗಳನ್ನು ಇಳಿಸಿ ಹಡಗುಗಳನ್ನು ತಡೆದ ಪ್ರಸಂಗವನ್ನು ಅದರ ಮೂಲವೆಂದು ಹೇಳುವುದುಂಟು. ಗುಜರಾತಿಯ ‘ಹರತಾಳ’ವೂ ಅಂಗಡಿಗೆ ಹಾಕಿದ ಬೀಗವನ್ನಷ್ಟೇ ಸೂಚಿಸುತ್ತದೆ.

ನಮ್ಮ ಪತ್ರಿಕೆಗಳ ಭಾಷೆಯನ್ನು ನೋಡಿ. ಮಾಲೀಕ ಕಾರ್ಖಾನೆಯ ಬಾಗಿಲು ಮುಚ್ಚಿದರೆ ಅದು ‘ಬೀಗಮುದ್ರೆ’. ಅದರಲ್ಲಿ ಬೀಗವುಂಟು, ಮುದ್ರೆಯುಂಟು. ಮಾಲೀಕನ ಸ್ವಭಾವದ ಮಾತಿಲ್ಲ. ಕಾರ್ಮಿಕ ಕೆಲಸ ನಿಲ್ಲಿಸಿದರೆ ಮಾತ್ರ ಅವನ ಗುಣವನ್ನೇ ಹಳಿಯುವ ಪದ! ತಕ್ಕಡಿ ಒಂದು ಕಡೆಗೆ ವಾಲಿತ್ತೆಂದೇ ಹೇಳಬೇಕು. 1947ರ ಕೈಗಾರಿಕಾ ವಿವಾದಗಳ ಕಾಯಿದೆಯಾದರೋ ಕಾರ್ಮಿಕರು ಒಟ್ಟುಗೂಡಿ ಕೆಲಸ ನಿಲ್ಲಿಸುವುದನ್ನು ಹೇಳಿತೇ ಹೊರತು ಹಠದ ಮಾತೆತ್ತಲಿಲ್ಲ. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಶೇಕಡಾ 50 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರು ಒಂದೇ ದಿನ ಕೂಡಿ ಸಾಂದರ್ಭಿಕ ರಜೆ ಹಾಕುವುದನ್ನೂ ಮುಷ್ಕರವೆಂದೇ ಎಣಿಸಿತು. ಅಲ್ಲಿಯೂ ಮುಖ್ಯವಾದದ್ದು ಕೂಡುವಿಕೆಯೇ.

ಹಾಗಾದರೆ ಈ ಪದವನ್ನು ಕೈಬಿಡಬೇಕೆ? ಬೇಡವೆಂದೇ ನನ್ನ ಅಭಿಪ್ರಾಯ. ಜನರ ಬಳಕೆಯೇ ಅದನ್ನು ತಿದ್ದಿದೆ. ಮೊಂಡನು ಹಠ ಹಿಡಿಯುತ್ತಾನೆ. ಕಾರ್ಮಿಕರು ಮುಷ್ಕರ ‘ಹೂಡುತ್ತಾರೆ’. ನೇಗಿಲು ಹೂಡುವುದಕ್ಕೆ, ಒಲೆ ಹೂಡುವುದಕ್ಕೆ, ಬಾಣ ಹೂಡುವುದಕ್ಕೆ ಸಿದ್ಧತೆ ಬೇಕು, ಗುರಿ ಬೇಕು. 1980-81ರಲ್ಲಿ ಬೆಂಗಳೂರಿನ ಸಾರ್ವಜನಿಕ ಉದ್ಯಮಗಳ ಕಾರ್ಮಿಕರು ಹೂಡಿದ ಮುಷ್ಕರ 77 ದಿನ ನಡೆಯಿತು. ಬರಿಯ ಮೊಂಡುತನದಿಂದ ಅಷ್ಟು ದಿನ ಸಾವಿರಾರು ಮನೆಗಳ ಒಲೆ ಉರಿಯದು. ಗಾಂಧೀಜಿಯವರ ‘ಸತ್ಯಾಗ್ರಹ’ದಲ್ಲಿಯೂ ಆಗ್ರಹವಿದೆ, ಸತ್ಯದ ಜೊತೆ ಸೇರಿದ್ದರಿಂದ ಅದು ಗೌರವದ ಮಾತಾಯಿತು.

ಆ ಹುಡುಗನಿಗೆ ಮರುದಿನ ನಾನು ಹೇಳಿದ್ದು ಇಷ್ಟೆ: “ಹಠ ಒಬ್ಬನದು, ಮುಷ್ಕರ ಹಲವರದು. ನಿಮ್ಮ ತಂದೆಯಂಥವರು ದುಡಿದು ಆ ಪದದ ಅರ್ಥವನ್ನೇ ಬದಲಿಸಿದರು. ನಿಘಂಟು ಬರೆಯುವವರು ಆಮೇಲೆ ಗುರುತು ಹಾಕಿಕೊಂಡರು.”