ಹೆಸರಿಡದೆ ಕೊಟ್ಟ ಪಟ್ಟಿ

ಪಿಎಚ್‌ಪಿಯಲ್ಲಿ ಮೂರು ಬೆಲೆಗಳನ್ನು ಕೂಡಬೇಕು. ಒಬ್ಬರು ಮೊದಲು ಬೆಲೆಗಳ ಅರೇ ಮಾಡಿ ಅದಕ್ಕೊಂದು ಹೆಸರಿಟ್ಟು, ಮುಂದಿನ ಸಾಲಿನಲ್ಲಿ ಆ ಹೆಸರನ್ನು ಫಂಕ್ಷನ್‌ಗೆ ಕೊಡುತ್ತಾರೆ. ಇನ್ನೊಬ್ಬರು ಅರೇ_ಸಮ್([120, 80, 45]) ಎಂದು ಬರೆದು ಮುಗಿಸುತ್ತಾರೆ. ಉತ್ತರ ಎರಡರಲ್ಲೂ 245. ಆದರೆ ಎರಡನೆಯ ಬರವಣಿಗೆ ಓದುವವರಿಗೆ ಇನ್ನೊಂದು ಮಾತನ್ನೂ ತಿಳಿಸುತ್ತದೆ: ಈ ಪಟ್ಟಿಯ ಕೆಲಸ ಇಲ್ಲಿಗೇ ಮುಗಿಯಿತು, ಮುಂದೆ ಎಲ್ಲೂ ಅದನ್ನು ಹುಡುಕಬೇಕಿಲ್ಲ.

ಹಳೆಯ ಆವೃತ್ತಿಗಳಲ್ಲೂ ಇದು ಸಾಧ್ಯವಿತ್ತು. ಆದರೆ ಪ್ರತಿ ಸಲವೂ ‘ಅರೇ’ ಎಂಬ ಪದ ಬರೆದು ದುಂಡು ಆವರಣ ಹಾಕಬೇಕಿತ್ತು. 2012ರ 5.4 ಆವೃತ್ತಿ ಚೌಕ ಆವರಣವನ್ನು ತಂದಿತು. ಫಂಕ್ಷನ್ನಿನ ಆವರಣ ಯಾವುದು, ಪಟ್ಟಿಯದು ಯಾವುದು ಎಂಬುದು ಆಗ ಕಣ್ಣಿಗೇ ಕಾಣತೊಡಗಿತು.

ಹೀಗೆ ಹೆಸರಿಡದೆ ಪಟ್ಟಿ ಕೊಡುವುದರ ಸೊಗಸನ್ನು ಕುಕೀ ಕಳುಹಿಸುವ ‘ಸೆಟ್‌ಕುಕೀ’ ಫಂಕ್ಷನ್ನಿನಲ್ಲಿ ನೋಡಬೇಕು. ಹೆಸರು, ಮೌಲ್ಯ, ಅವಧಿ, ಪಾತ್, ಡೊಮೇನ್, ಸೆಕ್ಯೂರ್, ಎಚ್‌ಟಿಟಿಪಿಓನ್ಲಿ ಎಂದು ಏಳು ಆರ್ಗ್ಯುಮೆಂಟ್‌ಗಳನ್ನು ಕ್ರಮ ತಪ್ಪದೆ ಕೊಡುವುದು ಅದರ ಹಳೆಯ ರೂಢಿ. ಕೊನೆಯಲ್ಲಿ ಬರುವ ಎರಡು ‘ಟ್ರೂ’ಗಳಲ್ಲಿ ಯಾವುದು ಯಾವುದಕ್ಕೆಂದು ತಿಳಿಯಲು ಕೈಪಿಡಿ ತೆರೆಯಲೇಬೇಕು. 2018ರ 7.3 ಆವೃತ್ತಿಯಿಂದ ಮೂರನೆಯ ಜಾಗದಲ್ಲಿ ['ಪಾತ್' => '/', 'ಸೆಕ್ಯೂರ್' => ಟ್ರೂ, 'ಸೇಮ್‌ಸೈಟ್' => 'ಲ್ಯಾಕ್ಸ್'] ಎಂದು ಕೊಡಬಹುದು. ಬೇಕಾದದ್ದನ್ನಷ್ಟೇ ಬರೆದರಾಯಿತು, ಕ್ರಮದ ಹಂಗಿಲ್ಲ. ಈ ಫಂಕ್ಷನ್ನಿನಲ್ಲಿ ಸೇಮ್‌ಸೈಟ್ ಹೇಳಲು ಸರಿಯಾದ ದಾರಿಯೂ ಇದೇ.

ಎಲ್ಲ ಕಡೆಯೂ ಇದು ನಡೆಯದು. ಸಾರ್ಟ್([3, 1, 2]) ಎಂದು ಬರೆದರೆ ಪಿಎಚ್‌ಪಿ ಎರರ್ ಕೊಟ್ಟು ನಿಲ್ಲುತ್ತದೆ. ‘ಸಾರ್ಟ್’ ಹೊಸ ಪಟ್ಟಿಯನ್ನು ಹಿಂದಿರುಗಿಸುವುದಿಲ್ಲ. ಕೊಟ್ಟ ಅರೇಯನ್ನೇ ಇದ್ದಲ್ಲೇ ಜೋಡಿಸುತ್ತದೆ. ಹಾಗಾಗಿ ಅದು ವೇರಿಯಬಲ್ಲನ್ನೇ ಕೇಳುತ್ತದೆ. ಹೆಸರಿಲ್ಲದ ಪಟ್ಟಿಯನ್ನು ಜೋಡಿಸಿಟ್ಟರೆ ಮತ್ತೆ ಅದನ್ನು ಎತ್ತಿಕೊಳ್ಳುವುದೆಲ್ಲಿಂದ? ‘ಎಂಡ್’, ‘ಅರೇ_ಪಾಪ್’ಗಳದ್ದೂ ಇದೇ ನಿಯಮ.

ಯಂತ್ರ ಒಪ್ಪಿದರೂ ಹೆಸರಿಡಲೇಬೇಕಾದ ಸಂದರ್ಭಗಳಿವೆ. ಅಪ್‌ಲೋಡ್ ಆದ ಫೈಲಿನ ವಿಸ್ತರಣೆಯನ್ನು ‘ಇನ್_ಅರೇ’ಯಲ್ಲಿ ['ಜೆಪಿಜಿ', 'ಪಿಎನ್‌ಜಿ'] ಜೊತೆ ಹೋಲಿಸಿ ನೋಡುವುದಷ್ಟೇ ಆದರೆ ಪಟ್ಟಿ ಅಲ್ಲೇ ಇರಲಿ. ಅದೇ ಪಟ್ಟಿಯನ್ನು ‘ಇಂಪ್ಲೋಡ್’ಗೆ ಕೊಟ್ಟು ಬಳಕೆದಾರರಿಗೆ ಸೂಚನೆಯನ್ನೂ ತೋರಿಸಬೇಕಾದರೆ ಅದನ್ನು ಮೇಲೆ ಕಾನ್ಸ್ಟಂಟ್ ಮಾಡಿಡುವುದು ಲೇಸು. ಇಲ್ಲವಾದರೆ ನಾಳೆ ಯಾರೋ ಪರೀಕ್ಷೆಯ ಸಾಲಿಗಷ್ಟೇ ‘ವೆಬ್‌ಪಿ’ ಸೇರಿಸುತ್ತಾರೆ. ಪುಟ ವೆಬ್‌ಪಿ ಫೈಲನ್ನು ಒಪ್ಪಿಕೊಳ್ಳುತ್ತಲೇ, ಜೆಪಿಜಿ ಮತ್ತು ಪಿಎನ್‌ಜಿ ಮಾತ್ರ ಕಳುಹಿಸಿ ಎನ್ನುತ್ತಿರುತ್ತದೆ.