ಒಲ್ಲೆ ಎನ್ನುವವರಿಗೂ ಒಂದು ಕಲಮು

ಭಾರತದ ದೊಡ್ಡ ಉದ್ಯಮಿ ಮನೆತನಗಳಲ್ಲಿ ಕಳೆದ ಎರಡು ಮೂರು ದಶಕಗಳಿಂದ ‘ಕುಟುಂಬ ಸಂವಿಧಾನ’ ಬರೆಸುವ ರೂಢಿ ಬೆಳೆದಿದೆ. ಮನೆಯ ಮಕ್ಕಳು ಕಂಪನಿಗೆ ಸೇರಲು ಎಷ್ಟು ಓದಿರಬೇಕು, ಮೊದಲು ಹೊರಗೆಲ್ಲಾದರೂ ದುಡಿದಿರಬೇಕೇ, ಹಿರಿಯರು ಯಾವ ವಯಸ್ಸಿಗೆ ಕುರ್ಚಿ ಬಿಡಬೇಕು, ಷೇರನ್ನು ಯಾರಿಗೆ ಮಾರಬಹುದು, ಮನಸ್ತಾಪ ಬಂದರೆ ಯಾರ ಮುಂದೆ ಕೂರಬೇಕು ಎಂಬುದನ್ನೆಲ್ಲ ಸಲಹೆಗಾರರ ನೆರವಿನಿಂದ ಬರೆದು, ಎಲ್ಲರೂ ಸಹಿ ಹಾಕುತ್ತಾರೆ. ಬೆಂಗಳೂರಿನಲ್ಲಿ ಬೆಳೆದ ಜಿಎಂಆರ್ ಸಮೂಹದ ಜಿ.ಎಂ. ರಾವ್ ಅವರು ಈ ಪದ್ಧತಿಯ ಪರವಾಗಿ ಬಹಿರಂಗವಾಗಿಯೇ ಮಾತಾಡುತ್ತ ಬಂದವರು. ಅವರ ಸಮೂಹದಲ್ಲಿ ಗಂಡುಮಕ್ಕಳ ಜೊತೆಗೆ ಅಳಿಯನಿಗೂ ಹೊಣೆಯ ಸ್ಥಾನವಿದೆ. ರೂಢಿ ಒಳ್ಳೆಯದೇ. ಆದರೆ ಇಂಥ ಸಂವಿಧಾನವನ್ನು ಅಳೆಯಬೇಕಾದದ್ದು ಅದು ಒಗ್ಗಟ್ಟಿನ ಬಗ್ಗೆ ಎಷ್ಟು ಚೆನ್ನಾಗಿ ಬರೆದಿದೆ ಎಂಬುದರಿಂದ ಅಲ್ಲ. ‘ನಾನು ಒಲ್ಲೆ, ನನ್ನ ಪಾಲು ಕೊಡಿ’ ಎನ್ನುವ ಒಬ್ಬರನ್ನು ಅದು ಹೇಗೆ ನಡೆಸಿಕೊಳ್ಳುತ್ತದೆ ಎಂಬುದರಿಂದ. ಆ ಅಳತೆಗೋಲು ಹಿಡಿದರೆ ಈ ರೂಢಿಯ ದೊಡ್ಡ ಕೊರತೆ ಕಾಣುತ್ತದೆ.

ಏನೂ ಬರೆದಿಡದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಅಂಬಾನಿ ಮನೆತನದ ಉದಾಹರಣೆ ಎಲ್ಲರಿಗೂ ಗೊತ್ತು. 2002ರಲ್ಲಿ ಧೀರೂಭಾಯಿ ಉಯಿಲಿಲ್ಲದೆ ತೀರಿಕೊಂಡರು. 2005ರಲ್ಲಿ ತಾಯಿ ಕೋಕಿಲಾಬೆನ್ ಮುಂದೆ ನಿಂತು ಇಬ್ಬರು ಮಕ್ಕಳ ನಡುವೆ ಉದ್ಯಮವನ್ನು ಹಂಚಿದರು. ಆದರೂ ಅನಿಲದ ಬೆಲೆಯ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಲಕ್ಷಾಂತರ ಷೇರುದಾರರಿಗೆ ತಿಳಿಯದ, ತಾಯಿ ಮಕ್ಕಳ ನಡುವಿನ ಒಡಂಬಡಿಕೆ ಕಂಪನಿಯನ್ನು ಕಟ್ಟಿಹಾಕದು ಎಂಬ ನಿಲುವನ್ನು ನ್ಯಾಯಾಲಯ 2010ರಲ್ಲಿ ತಳೆಯಿತು. ಕುಟುಂಬ ಸಂವಿಧಾನಗಳನ್ನು ಬರೆಯುವವರು ಈ ತೀರ್ಪನ್ನು ಎದುರಿಗಿಟ್ಟುಕೊಂಡೇ ಕೂರಬೇಕು. ಷೇರುಪೇಟೆಗೆ ಬಂದ ಕಂಪನಿ ಆ ಕ್ಷಣದಿಂದ ಬರೀ ಮನೆಯ ಸ್ವತ್ತಲ್ಲ.

ಬರೆದಿಟ್ಟರೂ ಸಾಲದು ಎಂಬುದನ್ನು ಕಿರ್ಲೋಸ್ಕರ್ ಮನೆತನ ತೋರಿಸಿದೆ, ಅದೂ ನಮಗೆ ತೀರ ಹತ್ತಿರದಲ್ಲೇ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಬೆಳಗಾವಿಯ ಸೈಕಲ್ ಅಂಗಡಿಯಿಂದ ಶುರುಮಾಡಿ, 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು; ಮುಂದಿನ ತಲೆಮಾರು ಹರಿಹರ, ಬೆಂಗಳೂರುಗಳಲ್ಲೂ ಕಾರ್ಖಾನೆ ತೆರೆಯಿತು. 2009ರ ಸೆಪ್ಟೆಂಬರಿನಲ್ಲಿ ಪುಣೆಯ ಕವಲಿನ ಸಹೋದರರು ಯಾರಿಗೆ ಯಾವ ಕಂಪನಿ ಎಂದು ಲಿಖಿತವಾಗಿ ಇತ್ಯರ್ಥ ಮಾಡಿಕೊಂಡರು. ಒಬ್ಬರ ವ್ಯಾಪಾರಕ್ಕೆ ಇನ್ನೊಬ್ಬರು ಪೈಪೋಟಿ ಮಾಡಬಾರದು ಎಂಬ ಕಲಮೂ ಅದರಲ್ಲಿತ್ತು. 2017ರಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಇನ್ನೊಂದು ಪಂಪು ತಯಾರಿಕಾ ಕಂಪನಿಯನ್ನು ಕೊಂಡಾಗ, ಪಂಪುಗಳೇ ಜೀವಾಳವಾಗಿದ್ದ ಕಿರ್ಲೋಸ್ಕರ್ ಬ್ರದರ್ಸ್‌ನ ಸಂಜಯ್ ಕಿರ್ಲೋಸ್ಕರ್ ತಕರಾರು ತೆಗೆದರು. ಆ ಕಲಮು ಸಹಿ ಹಾಕಿದ ವ್ಯಕ್ತಿಗಳನ್ನು ಮಾತ್ರ ಕಟ್ಟುತ್ತದೆಯೋ, ಅವರು ನಡೆಸುವ ಕಂಪನಿಗಳನ್ನೂ ಕಟ್ಟುತ್ತದೆಯೋ? ಜಗಳದ ತಿರುಳು ಇಷ್ಟೇ. 2021ರಲ್ಲಿ ಸುಪ್ರೀಂ ಕೋರ್ಟು ಮಾತುಕತೆಯಿಂದ ಬಗೆಹರಿಸಿಕೊಳ್ಳಿ ಎಂದಿತು. 2024ರ ಡಿಸೆಂಬರಿನಲ್ಲಿ 2009ರ ಆ ಒಪ್ಪಂದವನ್ನು ಷೇರುದಾರರ ಮುಂದಿಡಬೇಕೆಂದು ಷೇರುಪೇಟೆಯ ನಿಯಂತ್ರಕ ಸೆಬಿ ಸೂಚಿಸಿತು. ಬೇರೆಯಾಗುವಾಗಲೇ ನಿಖರವಾಗಿ ಬರೆಯಬೇಕಿದ್ದ ಒಂದು ಮಾತು ಅಸ್ಪಷ್ಟವಾಗಿ ಉಳಿದದ್ದರ ಬೆಲೆ ಇದು.

ಇದಕ್ಕಿಂತ ನೋವಿನ ಪ್ರಕರಣ ಚೆನ್ನೈನ ಮುರುಗಪ್ಪ ಸಮೂಹದ್ದು. ಶಿಸ್ತಿಗೆ, ಹೊಂದಾಣಿಕೆಗೆ ಹೆಸರಾದ ಮನೆತನವದು. 2017ರಲ್ಲಿ ಎಂ.ವಿ. ಮುರುಗಪ್ಪನ್ ತೀರಿಕೊಂಡಾಗ ಅವರ ಪಾಲು ಹೆಂಡತಿಗೆ ಮತ್ತು ಇಬ್ಬರು ಹೆಣ್ಣುಮಕ್ಕಳಿಗೆ ಬಂತು. ಹಿರಿಯ ಮಗಳು ವಳ್ಳಿ ಅರುಣಾಚಲಂ ಪರಮಾಣು ಎಂಜಿನಿಯರಿಂಗ್‌ನಲ್ಲಿ ಡಾಕ್ಟರೇಟ್ ಪಡೆದವರು. ಅವರು ಕೇಳಿದ್ದು ಎರಡರಲ್ಲಿ ಒಂದನ್ನು: ಸಮೂಹದ ಹೂಡಿಕೆ ಕಂಪನಿಯ ಆಡಳಿತ ಮಂಡಳಿಯಲ್ಲಿ ಒಂದು ಸ್ಥಾನ, ಇಲ್ಲವೇ ತಮ್ಮ ಪಾಲಿಗೆ ನ್ಯಾಯವಾದ ಬೆಲೆ. 2020ರ ವಾರ್ಷಿಕ ಸಭೆಯಲ್ಲಿ ಶೇ 91ಕ್ಕೂ ಹೆಚ್ಚು ಮತಗಳು ಅವರ ನೇಮಕದ ವಿರುದ್ಧ ಬಿದ್ದವು. 2023ರಲ್ಲಷ್ಟೇ ರಾಜಿಯಾಯಿತು. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂಬ ಗಾದೆ ಎಷ್ಟು ಸೊಗಸಾದ ಒಗ್ಗಟ್ಟಿನೊಳಗೂ ಉಸಿರಾಡಬಹುದು ನೋಡಿ. ಕರ್ನಾಟಕ 1994ರಲ್ಲೇ, ಇಡೀ ದೇಶ 2005ರಲ್ಲಿ, ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಹಕ್ಕು ಕೊಟ್ಟವು. ಹುಟ್ಟಿನಿಂದ ಹಕ್ಕು ಎಂಬ ತತ್ತ್ವವನ್ನು ಸ್ಥಾಪಿಸಿದ ‘ಮಿತಾಕ್ಷರ’ವನ್ನು ವಿಜ್ಞಾನೇಶ್ವರ ಬರೆದದ್ದು ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ. ಆ ಹಳೆಯ ಗ್ರಂಥ ಗಂಡುಮಕ್ಕಳನ್ನಷ್ಟೇ ಎಣಿಸಿದ್ದು ನಿಜ. ಆದರೂ ಒಟ್ಟಿಗಿರುವವರು ಒಂದು ದಿನ ಪಾಲಾಗುತ್ತಾರೆ ಎಂಬುದನ್ನು ಅದು ಸಹಜವೆಂದು ಒಪ್ಪಿ, ಹೇಗೆ ಪಾಲಾಗಬೇಕೆಂದು ವಿವರವಾಗಿ ಹೇಳಿತು. ಇಂದಿನ ಸಂವಿಧಾನಗಳು ಪಾಲಿನ ಮಾತನ್ನೇ ಅಪಶಕುನವೆಂದು ಕಾಣುತ್ತವೆ.

ಹೊರಹೋಗುವ ಬಾಗಿಲು ತೆರೆದಿಟ್ಟರೆ ಪ್ರತಿ ತಲೆಮಾರಿನಲ್ಲೂ ಬಂಡವಾಳ ಸೋರಿ, ಕಾರ್ಖಾನೆ ಮುಚ್ಚೀತು, ಕೆಲಸಗಾರರು ಬೀದಿಗೆ ಬಿದ್ದಾರು ಎಂದು ಹಿರಿಯರು ವಾದಿಸುತ್ತಾರೆ. ಈ ಭಯ ಹುಸಿಯಲ್ಲ. ಪಾಲಿನ ಬೆಲೆಯನ್ನು ಒಂದೇ ಸಲ ನಗದಾಗಿ ಕೊಡಬೇಕಾದರೆ ಯಾವ ಕಂಪನಿಯೂ ನಲುಗುತ್ತದೆ. ಆದರೆ ಬೆಲೆ ಕಟ್ಟುವ ಸೂತ್ರವನ್ನು ಮೊದಲೇ ಗೊತ್ತುಮಾಡಿ, ಕಂತುಗಳಲ್ಲಿ ಕೊಡಲು, ಲಾಭಾಂಶದಿಂದ ವರ್ಷವರ್ಷ ಒಂದಿಷ್ಟು ತೆಗೆದಿಡಲು ಏನೂ ಅಡ್ಡಿಯಿಲ್ಲ. 1897ರಲ್ಲಿ ಶುರುವಾದ ಗೋದ್ರೆಜ್ 2024ರಲ್ಲಿ ಎರಡಾಯಿತು: ಆದಿ ಮತ್ತು ನಾದಿರ್ ಅವರ ಪಾಲಿಗೆ ಷೇರುಪೇಟೆಯ ಕಂಪನಿಗಳು, ಜಮ್ಶೆಡ್ ಮತ್ತು ಸ್ಮಿತಾ ಅವರ ಪಾಲಿಗೆ ಗೋದ್ರೆಜ್ ಆ್ಯಂಡ್ ಬಾಯ್ಸ್ ಹಾಗೂ ಮುಂಬೈನ ವಿಸ್ತಾರವಾದ ಭೂಮಿ. ಎರಡೂ ಕಡೆ ಕೆಲಸ ನಿಲ್ಲಲಿಲ್ಲ. ಡಾಬರ್‌ನ ಬರ್ಮನ್ ಮನೆತನ ಬೇರೆ ದಾರಿ ಹಿಡಿಯಿತು. 1998ರಲ್ಲಿ ದಿನನಿತ್ಯದ ಆಡಳಿತವನ್ನು ಹೊರಗಿನ ವೃತ್ತಿಪರರಿಗೆ ಬಿಟ್ಟು, ಮಾಲೀಕತ್ವವನ್ನಷ್ಟೇ ಉಳಿಸಿಕೊಂಡಿತು. ಕುರ್ಚಿಯ ಆಸೆ ಇಲ್ಲದಾದಲ್ಲಿ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಕುಟುಂಬ ಸಂವಿಧಾನಕ್ಕೆ ಇರುವುದು ನೈತಿಕ ಬಲ, ಕಾನೂನಿನ ಕಣ್ಣಿನಿಂದ ಅದನ್ನು ನೋಡುವುದೇ ತಪ್ಪು ಎಂಬ ಇನ್ನೊಂದು ವಾದವೂ ಇದೆ. ನೈತಿಕ ಬಲ ಒಪ್ಪಿಗೆಯಿಂದ ಬರುತ್ತದೆ; ಒಪ್ಪಿಗೆ ಮುಕ್ತವಾಗಿರಬೇಕು. ಸಲಹೆಗಾರರನ್ನು ಕರೆಸುವವರು ಮನೆಯ ಯಜಮಾನರು, ಶುಲ್ಕ ಕೊಡುವವರೂ ಅವರೇ. ಮದುವೆಯಾಗಿ ಹೋದ ಮಗಳು, ಗಂಡನನ್ನು ಕಳೆದುಕೊಂಡ ಸೊಸೆ, ಇನ್ನೂ ಶಾಲೆಗೆ ಹೋಗುವ ಮೊಮ್ಮಗು ಆ ಕೋಣೆಯಲ್ಲಿ ಯಾರ ಕಡೆ ನೋಡಬೇಕು? ಅಂಥವರಿಗೆ ಕುಟುಂಬದ ಖರ್ಚಿನಲ್ಲೇ ಬೇರೆ ವಕೀಲರನ್ನು ಗೊತ್ತುಮಾಡಬೇಕು. ಸಹಿ ಹಾಕುವ ಹೊತ್ತಿಗೆ ಮಕ್ಕಳಾಗಿದ್ದವರಿಗೆ ವಯಸ್ಸಿಗೆ ಬಂದ ಮೇಲೆ ಓದಿ, ಒಪ್ಪಲು ಅಥವಾ ನಿರಾಕರಿಸಲು ಕಾಲಾವಕಾಶ ಇರಬೇಕು. ನಿರಾಕರಿಸಿದವರ ಪಾಲಿಗೂ ಉಳಿದವರಿಗೆ ಅನ್ವಯಿಸುವ ಸೂತ್ರದಿಂದಲೇ ಬೆಲೆ ಕಟ್ಟಬೇಕು.