ಟೆಕ್ಸಾಸ್ ಕರೆಯಬಲ್ಲದು, ಸಾಕಬಲ್ಲದೇ?

2018ರಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ನಮ್ಮ ರಾಜ್ಯ ಸರ್ಕಾರ ಸೇನೆಯ ನೆರವನ್ನು ಕೇಳಿ ಪಡೆಯಬೇಕಾಯಿತು. ಮುಖ್ಯಮಂತ್ರಿಯ ಕೈಕೆಳಗಿರುವುದು ಪೊಲೀಸು, ಕೆಎಸ್‌ಆರ್‌ಪಿ, ಗೃಹರಕ್ಷಕ ದಳ, ಅಷ್ಟೇ. ಬೆಳಗಾವಿಯಲ್ಲಿರುವ ಪ್ರಾದೇಶಿಕ ಸೇನೆಯ ಬೆಟಾಲಿಯನ್ ಕೂಡ ದೆಹಲಿಯ ಮಾತು ಕೇಳುತ್ತದೆ, ವಿಧಾನಸೌಧದ್ದಲ್ಲ. ಅಮೆರಿಕದ ಟೆಕ್ಸಾಸಿನಲ್ಲಿ ಲೆಕ್ಕವೇ ಬೇರೆ. 2017ರ ಆಗಸ್ಟ್‌ನಲ್ಲಿ ಹಾರ್ವೆ ಚಂಡಮಾರುತ ಹ್ಯೂಸ್ಟನ್ನನ್ನು ಮುಳುಗಿಸಿದಾಗ ಗವರ್ನರ್ ಗ್ರೆಗ್ ಅಬಟ್ ಯಾರನ್ನೂ ಕೇಳಲಿಲ್ಲ. ತಮ್ಮ ರಾಜ್ಯದ ನ್ಯಾಷನಲ್ ಗಾರ್ಡ್ ಅಷ್ಟನ್ನೂ, ಸುಮಾರು 12,000 ಮಂದಿಯನ್ನು, ಕರ್ತವ್ಯಕ್ಕೆ ಕರೆದರು. ಎತ್ತರದ ಸೇನಾ ಲಾರಿಗಳು ನೀರು ಸೀಳಿಕೊಂಡು ಬಡಾವಣೆಗಳಿಗೆ ನುಗ್ಗಿ ಜನರನ್ನು ಹೊರತಂದವು. ಆ ಊರಿನಲ್ಲಿ ನಮ್ಮವರೂ ಬೇಕಾದಷ್ಟಿದ್ದಾರೆ.

ಈ ಗಾರ್ಡ್ ಅರೆಕಾಲಿಕ ಸೈನ್ಯ. ತಿಂಗಳಿಗೊಂದು ವಾರಾಂತ್ಯ, ವರ್ಷಕ್ಕೆ ಎರಡು ವಾರ ತಾಲೀಮು. ಉಳಿದ ದಿನ ಅವನು ಎಲೆಕ್ಟ್ರಿಷಿಯನ್, ಅವಳು ನರ್ಸ್, ಇನ್ನೊಬ್ಬ ಕಾಲೇಜು ಹುಡುಗ. ಬಂದೂಕು, ವಿಮಾನ, ತರಬೇತಿಯ ಖರ್ಚು ಬಹುಪಾಲು ವಾಷಿಂಗ್ಟನ್ನಿನದು. ಅಧಿಕಾರಿಗಳ ನೇಮಕ ಮತ್ತು ತರಬೇತಿಯ ಹೊಣೆಯನ್ನು ಅಮೆರಿಕದ ಸಂವಿಧಾನವೇ ರಾಜ್ಯಗಳಿಗೆ ಬಿಟ್ಟಿದೆ. ಅಧ್ಯಕ್ಷರು ಒಕ್ಕೂಟದ ಸೇವೆಗೆ ಎಳೆದುಕೊಳ್ಳುವ ತನಕ ಗವರ್ನರರೇ ದಂಡನಾಯಕ. ಹಾಗೆ ಎಳೆದುಕೊಂಡಾಗ ಗವರ್ನರರ ಆಕ್ಷೇಪ ಹೆಚ್ಚು ದೂರ ಹೋಗುವುದಿಲ್ಲ ಎಂಬುದು ಮಿನೆಸೋಟದ ಗವರ್ನರ್ ರೂಡಿ ಪರ್ಪಿಚ್ 1990ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತಾಗಲೇ ಗೊತ್ತಾಗಿತ್ತು. 2025ರಲ್ಲಿ ಅಧ್ಯಕ್ಷರು ಕ್ಯಾಲಿಫೋರ್ನಿಯದ ಗಾರ್ಡನ್ನು ಹೀಗೆ ಎಳೆದುಕೊಂಡಾಗ ಎದ್ದ ಜಗಳ ಪತ್ರಿಕೆ ಓದುವ ಎಲ್ಲರಿಗೂ ನೆನಪಿರುತ್ತದೆ. ಅಧ್ಯಕ್ಷರಿಗೂ ಗವರ್ನರರಿಗೂ ನಡೆಯುವ ಈ ಜಗ್ಗಾಟಕ್ಕೆ ಸಿಗುವ ಪ್ರಚಾರ ಒಳಗಿನ ಪ್ರಶ್ನೆಗೆ ಸಿಗುವುದಿಲ್ಲ. ಸೈನ್ಯ ಪೂರ್ತಿ ತನ್ನ ಕೈಯಲ್ಲೇ ಇರುವಾಗ ರಾಜ್ಯ ಅದನ್ನು ಹೇಗೆ ನೋಡಿಕೊಳ್ಳುತ್ತದೆ?

ಟೆಕ್ಸಾಸಿನ ಮಟ್ಟಿಗೆ ಉತ್ತರ ಹಿತವಾಗಿಲ್ಲ.

2021ರ ಮಾರ್ಚ್‌ನಲ್ಲಿ ಅಬಟ್ 'ಆಪರೇಷನ್ ಲೋನ್ ಸ್ಟಾರ್' ಎಂಬ ಕಾರ್ಯಾಚರಣೆ ಶುರು ಮಾಡಿದರು. ಮೆಕ್ಸಿಕೊ ಗಡಿಯಲ್ಲಿ ವಲಸೆಗಾರರನ್ನು ತಡೆಯುವುದು ಗುರಿ. ಗಡಿ ಕಾಯುವುದು ರಾಜ್ಯದ ಕೆಲಸವೇ ಎಂಬ ವಾದವನ್ನು ಇಲ್ಲಿ ಬದಿಗಿಡೋಣ. ಆ ವರ್ಷದ ಕೊನೆಯ ಹೊತ್ತಿಗೆ ಕಾರ್ಯಾಚರಣೆ ಸುಮಾರು 10,000 ಸೈನಿಕರಿಗೆ ಮುಟ್ಟಿತು. ಬಹಳ ಮಂದಿ ಇಷ್ಟಪಟ್ಟು ಬಂದವರಲ್ಲ. ಕೆಲವೇ ದಿನಗಳ ಮುನ್ಸೂಚನೆಯಲ್ಲಿ ಮನೆ, ನೌಕರಿ ಬಿಟ್ಟು ಹೊರಟವರು. ಸಂಬಳ ರಾಜ್ಯದ ಖಜಾನೆಯಿಂದ ಬರಬೇಕಿತ್ತು. ಅಷ್ಟು ಜನರಿಗೆ ಹೊತ್ತಿಗೆ ಸರಿಯಾಗಿ ಬಟವಾಡೆ ಮಾಡುವ ತಯಾರಿ ಗಾರ್ಡ್ ನಡೆಸುವ ಇಲಾಖೆಯಲ್ಲಿ ಇರಲಿಲ್ಲ. ಸಂಬಳ ತಡವಾಯಿತು, ಕೆಲವರಿಗೆ ತಪ್ಪಾಗಿ ಬಂತು. ಮಲಗಲು ಟ್ರೇಲರುಗಳು, ಅವುಗಳೊಳಗೆ ಬಂಕಿನ ಮೇಲೆ ಬಂಕು. ಆತ್ಮಹತ್ಯೆಗಳೂ ವರದಿಯಾದವು. ಇದೇ ಅವಧಿಯಲ್ಲಿ ಸೈನಿಕರ ಕಾಲೇಜು ಶುಲ್ಕಕ್ಕೆ ರಾಜ್ಯ ಕೊಡುತ್ತಿದ್ದ ನೆರವು ಅರ್ಧಕ್ಕಿಂತ ಹೆಚ್ಚು ಕಡಿತವಾಯಿತು. ಓದಿಗೆ ಹಣ ಸಿಗುತ್ತದೆಂದು ಸೇರಿದ ಹುಡುಗನ ಸೆಮಿಸ್ಟರನ್ನೂ ಕಿತ್ತುಕೊಂಡು ಶುಲ್ಕವನ್ನೂ ಕಿತ್ತುಕೊಂಡ ಹಾಗಾಯಿತು. ಕೊನೆಗೆ 2022ರಲ್ಲಿ ಕೆಲವು ಸೈನಿಕರು ರಾಜ್ಯ ನೌಕರರ ಸಂಘಕ್ಕೆ ಸೇರಿ ಸಂಘಟಿತರಾದರು. ಒಕ್ಕೂಟದ ಸೇವೆಯಲ್ಲಿದ್ದರೆ ಅದಕ್ಕೆ ಕಾನೂನಿನ ಅಡ್ಡಿಯಿದೆ, ರಾಜ್ಯದ ಸೇವೆಯಲ್ಲಿದ್ದವರಿಗೆ ಇಲ್ಲ. ಸಮವಸ್ತ್ರದಲ್ಲಿರುವವರು ಯೂನಿಯನ್ ಕಟ್ಟುವ ಮಟ್ಟಕ್ಕೆ ಹೋದರೆಂದರೆ ಮೇಲಿನವರ ಕಿವಿ ಎಷ್ಟು ಮಂದವಾಗಿತ್ತೆಂದು ಊಹಿಸಬಹುದು.

ಇಷ್ಟು ದಿನ ಯಾರೂ ತಡೆದು ಕೇಳಲಿಲ್ಲವೇ ಎಂದರೆ, ಕೇಳಬೇಕಾದವರು ಹೆಚ್ಚಿನ ಕಾಲ ಊರಲ್ಲೇ ಇರಲಿಲ್ಲ. ಟೆಕ್ಸಾಸಿನ ಶಾಸನಸಭೆಯ ನಿಯತ ಅಧಿವೇಶನ ನಡೆಯುವುದು ಎರಡು ವರ್ಷಕ್ಕೊಮ್ಮೆ, ಬೆಸಸಂಖ್ಯೆಯ ವರ್ಷಗಳಲ್ಲಿ, ಹೆಚ್ಚೆಂದರೆ 140 ದಿನ. ನಡುವೆ ವಿಶೇಷ ಅಧಿವೇಶನ ಕರೆಯುವ ಅಧಿಕಾರ ಗವರ್ನರರೊಬ್ಬರದೇ. ಗಡಿ ಜಿಲ್ಲೆಗಳಲ್ಲಿ ಅವರು 2021ರ ಮೇ ಕೊನೆಯಲ್ಲಿ 'ವಿಪತ್ತು' ಘೋಷಿಸಿದರು. ಕಾನೂನಿನ ಪ್ರಕಾರ ಅಂಥ ಘೋಷಣೆಯ ಆಯುಸ್ಸು 30 ದಿನ. ಆದರೆ ನವೀಕರಿಸುವವರೂ ಗವರ್ನರರೇ ಆದ್ದರಿಂದ ತಿಂಗಳು ತಿಂಗಳೂ ಒಂದು ರುಜು ಬಿದ್ದರೆ ಸಾಕು. ಘೋಷಣೆಯನ್ನು ರದ್ದು ಮಾಡುವ ಹಕ್ಕು ಶಾಸನಸಭೆಗಿದೆ, ಆದರೆ ಅದಕ್ಕೆ ಸಭೆ ಸೇರಿರಬೇಕಲ್ಲ. 2022ರ ಏಪ್ರಿಲ್‌ನಲ್ಲಿ ಕಾರ್ಯಾಚರಣೆಯ ಕೈ ಖಾಲಿಯಾದಾಗ ಬೇರೆ ಇಲಾಖೆಗಳ ಲೆಕ್ಕದಿಂದ ಸುಮಾರು 50 ಕೋಟಿ ಡಾಲರನ್ನು ಅಧಿವೇಶನವಿಲ್ಲದೆಯೇ ಇತ್ತ ತಿರುಗಿಸಲಾಯಿತು. ಇದು ಕಾನೂನುಬಾಹಿರವಲ್ಲ. ನನ್ನ ತಕರಾರು ಆ ಕಾನೂನಿನ ಮೇಲೆಯೇ.

ಗಾರ್ಡಿನ ಮುಖ್ಯಸ್ಥ ಅಡ್ಜುಟಂಟ್ ಜನರಲ್. ಅವರನ್ನು ನೇಮಿಸುವವರೂ ಗವರ್ನರರೇ, ಸೆನೆಟ್ ಒಪ್ಪಬೇಕು. ದೂರುಗಳು ಹೆಚ್ಚಿದ ಮೇಲೆ 2022ರ ಮಾರ್ಚ್‌ನಲ್ಲಿ ಆ ಸ್ಥಾನದಲ್ಲಿದ್ದ ಟ್ರೇಸಿ ನಾರಿಸ್ ಹೋಗಿ ಥಾಮಸ್ ಸೂಲ್ಜರ್ ಬಂದರು. ಅಧಿಕಾರಿ ಬದಲಾದರು, ಕಾರ್ಯಾಚರಣೆಗೆ ಕೊನೆಯ ದಿನಾಂಕವಂತೂ ಬರಲಿಲ್ಲ. (ವರ್ಮಾಂಟಿನಲ್ಲಿ ಈ ಹುದ್ದೆಗೆ ಶಾಸಕರು ಮತ ಹಾಕಿ ಆರಿಸುತ್ತಾರೆ. ಸೌತ್ ಕ್ಯಾರೊಲಿನದಲ್ಲಿ ಜನರೇ ಆರಿಸುತ್ತಿದ್ದರು. 2014ರಲ್ಲಿ ಮತದಾರರು ಆ ಪದ್ಧತಿಯನ್ನು ಕೈಬಿಟ್ಟರು. ವೋಟು ಕೇಳುತ್ತ ತಿರುಗುವ ಜನರಲ್ ನನಗೂ ಬೇಡ.)

2022ರ ಏಪ್ರಿಲ್‌ನಲ್ಲಿ ಈಗಲ್ ಪಾಸ್ ಎಂಬಲ್ಲಿ ಬಿಷಪ್ ಇವಾನ್ಸ್ ಎಂಬ 22ರ ಹರೆಯದ ಗಾರ್ಡ್ ಸೈನಿಕ ರಿಯೊ ಗ್ರಾಂಡೆ ನದಿಗೆ ಹಾರಿದ. ನೀರಿನಲ್ಲಿ ಒದ್ದಾಡುತ್ತಿದ್ದಂತೆ ಕಂಡ ವಲಸೆಗಾರರನ್ನು ಉಳಿಸಲು ಹೋದವನು ತಾನೇ ಮುಳುಗಿ ಸತ್ತ. ಹೊಳೆಯ ದಡದಲ್ಲಿ ನಿಲ್ಲಿಸಿದ ಹುಡುಗನಿಗೆ ತೇಲುವ ಜಾಕೆಟ್ ಕೊಟ್ಟಿರಲಿಲ್ಲ. ಒಕ್ಕೂಟದ ಸೇವೆಯಲ್ಲಿ ಸತ್ತ ಸೈನಿಕನ ಮನೆಯವರಿಗೆ ಸಿಗುವ ಮರಣ ಪರಿಹಾರ ರಾಜ್ಯದ ಕರ್ತವ್ಯದಲ್ಲಿ ಸತ್ತವನ ಮನೆಯವರಿಗೆ ಸಿಗುವುದಿಲ್ಲ. ಸಮವಸ್ತ್ರ ಒಂದೇ, ಆದೇಶದ ಕಾಗದ ಬೇರೆ. ಈ ಅಂತರ ತುಂಬಲು ಟೆಕ್ಸಾಸ್ ಅವನದೇ ಹೆಸರಿನಲ್ಲಿ ಕಾನೂನು ತಂದದ್ದು 2023ರಲ್ಲಿ. ಈಗಲ್ ಪಾಸ್‌ನಲ್ಲಿ 1,800 ಸೈನಿಕರಿಗೆ ಸರಿಯಾದ ವಸತಿಯ ನೆಲೆ ಕಟ್ಟುತ್ತೇವೆಂದು ಘೋಷಿಸಿದ್ದು 2024ರ ಫೆಬ್ರವರಿಯಲ್ಲಿ, ಕಾರ್ಯಾಚರಣೆ ಶುರುವಾಗಿ ಮೂರು ವರ್ಷಕ್ಕೆ.

ಹಾರ್ವೆಯಲ್ಲಿ ಗೆದ್ದ ಸರ್ಕಾರವೂ ಇದೇ, ಗಡಿಯಲ್ಲಿ ಎಡವಿದ್ದೂ ಇದೇ. ಪ್ರವಾಹಕ್ಕೆ ಕೊನೆಯಿತ್ತು, ನೀರಿಳಿದ ಮೇಲೆ ಎಲೆಕ್ಟ್ರಿಷಿಯನ್ ಮನೆಗೆ ಹೋದ. ಗಡಿಗೆ ಕೊನೆಯಿರಲಿಲ್ಲ. ತಿಂಗಳಿಗೊಂದು ವಾರಾಂತ್ಯಕ್ಕೆಂದು ಸೇರಿದವರನ್ನು ಪೂರ್ಣಕಾಲಿಕ ಸೈನ್ಯದಂತೆ ದುಡಿಸಿ, ಸವಲತ್ತು ಕೊಡುವಾಗ ಮಾತ್ರ ಅರೆಕಾಲಿಕರೆಂದು ಲೆಕ್ಕ ಹಾಕಿದ್ದು ಟೆಕ್ಸಾಸಿನ ತಪ್ಪು. ಸೈನಿಕನಿಗೆ ಸಲ್ಲಬೇಕಾದ್ದು ಪ್ರತಿ ಸಲವೂ ಪತ್ರಿಕೆಯಲ್ಲಿ ಸುದ್ದಿಯಾದ ಮೇಲೆ ಬಂತು, ಮೊದಲು ಬರಲಿಲ್ಲ.

ಮುಂದಿನ ನಿಯತ ಅಧಿವೇಶನ ಆಸ್ಟಿನ್ನಿನಲ್ಲಿ ಸೇರುವುದು 2027ರ ಜನವರಿಯಲ್ಲಿ. ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್‌ಗಳಲ್ಲಿ ಮತದಾರರಾಗಿರುವ ಕನ್ನಡಿಗರು ತಮ್ಮ ಶಾಸಕರನ್ನು ಇದೊಂದು ಕೇಳಲಿ: ಗವರ್ನರರ ವಿಪತ್ತು ಘೋಷಣೆ ಇಷ್ಟು ತಿಂಗಳು ದಾಟಿದರೆ ಶಾಸನಸಭೆ ಸೇರಿ ಮತ ಹಾಕಲೇಬೇಕು ಎಂಬ ನಿಯಮಕ್ಕೆ ನೀವು ಕೈ ಎತ್ತುತ್ತೀರಾ, ಇಲ್ಲವಾ?